ಚಪ್ಪರದ ಕಲ್ಲಿನ ಗೆರೆ

ಬೀದಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಹೊಳೆನರಸೀಪುರದ ಅರ್ಧ ಊರಿಗೆ ಯಾರ ಮನೆ, ಯಾರ ಜಗಲಿ ಎಂದು ಗೊತ್ತಾಗಿಬಿಡುತ್ತದೆ. ಉಳಿದರ್ಧ ಊರು ನನ್ನ ಆಫೀಸಿಗೆ ಬಂದು ಜಗಳಕ್ಕೆ ನಿಲ್ಲುತ್ತದೆ. ಪೇಟೆಯ ಒಂದು ಹಳೇ ಬೀದಿ ಅಂದುಕೊಳ್ಳಿ, ಸಾಕು. ಎರಡೂ ಪಕ್ಕ ಸೇರಿ ಮೂವತ್ತೆಂಟು ಮನೆ. ಅದರಲ್ಲಿ ಮೂವತ್ತೊಂದಕ್ಕೆ ಇನ್ನೂ ಕಲ್ಲಿನ ಜಗಲಿ ಇತ್ತು. ಮನೆ ಕಟ್ಟುವವರಿಗೆ ಲೈಸೆನ್ಸಿನ ನಕ್ಷೆ ಬರೆದುಕೊಡುವುದು ನನ್ನ ಕೆಲಸ. ಹಳೇ ಜಗಲಿಗಳಿಗೂ ನನಗೂ ಅಲ್ಲಿಯವರೆಗೆ ಇದ್ದ ಸಂಬಂಧವೆಂದರೆ, ಅವನ್ನು ಒಡೆದ ಮೇಲೆ ಅಲ್ಲಿ ಏನು ಕಟ್ಟಬೇಕೆಂದು ಬರೆಯುವುದಷ್ಟೇ.

ಬಳೆ ಅಂಗಡಿಯವರು ಒಂದು ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ನಿಂತರು. ಆ ಬೀದಿಯ ಗಣಪತಿ ಸಮಿತಿಗೆ ಅವರೇ ಅಧ್ಯಕ್ಷರು. ಆಡುವ ಮಾತು ಯಾವುದಿದ್ದರೂ ಮೈಕಿನಲ್ಲಿ ಆಡಿದಂತೆ ಆಡುತ್ತಾರೆ.

"ಮೇಡಂನೋರೆ, ನಮ್ ಬೀದಿಗೆ ಕಾಂಕ್ರೀಟ್ ರಸ್ತೆ ಬತ್ತಾ ಐತೆ. ಎಲ್ಡ್ ಕಡೇಗೂ ಬಾಕ್ಸ್ ಚರಂಡಿ. ಜಗಲಿ ಎಲ್ಲ ಓಯ್ತವೆ ಅಂತಾವ್ರೆ. ನೀವೊಂದ್ ನಕ್ಸೆ ಬರ್ಕೊಡಿ, ನಾವು ಓರಾಡ್ತೀವಿ."

ಚರಂಡಿ ಬೇಡ ಅನ್ನುವವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಮಳೆ ಬಂದರೆ ಬಚ್ಚಲ ನೀರು, ಮಳೆ ನೀರು ಎಲ್ಲ ಸೇರಿ ಬೀದಿಯ ಮಧ್ಯದಲ್ಲೇ ಹರಿಯುತ್ತಿತ್ತು. ಜಗಲಿಯೂ ಬೇಕು, ಚರಂಡಿಯೂ ಬೇಕು. ಪುರಸಭೆಯ ಎಂಜಿನಿಯರ್ ಹತ್ತಿರ ಹೋಗಿ ಕೇಳಿದೆವು. ಚಿಕ್ಕ ವಯಸ್ಸಿನವರು, ಒರಟಾಗಿ ಮಾತಾಡುವವರಲ್ಲ. ಎಸ್ಟಿಮೇಟಿನಲ್ಲಿ ಚರಂಡಿ ಆಸ್ತಿಯ ಗಡಿಗೆ ತಾಗಿ ಬರಬೇಕೆಂದು ಇದೆ ಎಂದರು. ಆಮೇಲೆ, "ಏನೇನಿದೆ ಅಂತ ದಾಖಲೆ ಮಾಡ್ಕೊಂಡು ಬನ್ನಿ ಮೇಡಂ. ಕೆಲಸ ಶುರುವಾಗೋಕೆ ಎರಡು ತಿಂಗಳಿದೆ. ನೋಡೋಣ, ಮಾತು ಕೊಡಲ್ಲ" ಎಂದರು. ಮಾತು ಕೊಡುವುದಿಲ್ಲ ಎಂದು ಅವರು ಹೇಳಿದ್ದು ಬಳೆ ಅಂಗಡಿಯವರ ಕಿವಿಗೆ ಬೀಳಲೇ ಇಲ್ಲ. ಸಂಜೆ ಹೊತ್ತಿಗೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ 'ಜಗಲಿ ಉಳಿಯಿತು' ಎಂದು ಹಾಕಿ, ಮೂರು ಹೂವಿನ ಚಿತ್ರವನ್ನೂ ಅಂಟಿಸಿದ್ದರು.

ಶುರುವಿನಲ್ಲೇ ಎಡವಟ್ಟು ಮಾಡಿದ್ದು ನಾನು. ಪ್ರತಿ ಜಗಲಿಗೂ ಒಂದು ನಂಬರು ಬೇಕಲ್ಲ, ಅದಕ್ಕೆ ಒಂದು ಡಬ್ಬಿ ಕೆಂಪು ಬಣ್ಣ, ಒಂದು ಬ್ರಶ್ಶು ತಂದು, ಒಂದು ಶನಿವಾರ ಮಧ್ಯಾಹ್ನ ಕೂತು ಎಲ್ಲ ಜಗಲಿಯ ಮೂಲೆಗೂ ಒಂದು, ಎರಡು, ಮೂರು ಎಂದು ಬರೆದುಬಂದೆ. ನಮ್ಮ ಕಡೆ ಕೆಂಪು ಬಣ್ಣದಲ್ಲಿ ಮನೆ ಮುಂದೆ ನಂಬರು ಬಿದ್ದರೆ ಅದಕ್ಕೆ ಒಂದೇ ಅರ್ಥ ಎಂದು ನನಗೆ ಹೊಳೆಯಲಿಲ್ಲ. ರಸ್ತೆ ಅಗಲ ಮಾಡುವಾಗ ಹಾಸನದಲ್ಲೂ ಹಾಗೇ ಬರೆದಿದ್ದನ್ನು ಕಣ್ಣಾರೆ ಕಂಡವಳು ನಾನು. ಆದರೂ ಹೊಳೆಯಲಿಲ್ಲ.

ಸೋಮವಾರ ಹೋಗಿ ನೋಡಿದರೆ ಐದು ನಂಬರಿನ ಮೇಲೆ ಸುಣ್ಣ ಬಳಿದಿದ್ದರು. ಎರಡನ್ನು ಕಲ್ಲಿನಿಂದ ಉಜ್ಜಿ ತೆಗೆದಿದ್ದರು. ಹನ್ನೆರಡನೇ ಜಗಲಿ ಇರಲೇ ಇಲ್ಲ. ಬೆಲ್ಲದ ಮಂಡಿಯವರ ಮನೆ ಅದು. ಯಜಮಾನರು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಗೋಡೆಗೆ ಒರಗಿಸಿದ್ದ ಆರು ಚಪ್ಪಡಿ ತೋರಿಸಿದರು. ಮುಖದಲ್ಲಿ ದೊಡ್ಡ ಉಪಕಾರ ಮಾಡಿದ ಕಳೆ.

"ಎಂಗೂ ಓಗಾ ಜಗಲಿ ತಾನೆ ಮೇಡಂ? ಜೇಸೀಬಿ ಬಂದ್ರೆ ಕಲ್ಲೆಲ್ಲ ಪುಡಿ ಮಾಡಾಕ್ತಾರೆ. ಅದ್ಕೆ ನಾವೇ ಉಸಾರಾಗಿ ಬಿಚ್ಚಿಟ್ಕಂಡೊ. ಒಂದು ಮುಕ್ಕಾಗಿಲ್ಲ ನೋಡಿ."

ನಿಜಕ್ಕೂ ಒಂದೂ ಮುಕ್ಕಾಗಿರಲಿಲ್ಲ. ಅಷ್ಟು ಚೆನ್ನಾಗಿ ಬಿಚ್ಚಿದ್ದರು. ನಗಬೇಕೋ ಅಳಬೇಕೋ ತಿಳಿಯದೆ, ಯಾಕೆ ಬಿಚ್ಚಿದಿರಿ, ಒಂದು ಮಾತು ಕೇಳಬಾರದಿತ್ತಾ ಎಂದು ಅವರ ಮೇಲೆ ಹಾರಾಡಿದೆ. ನಂಬರು ಬರೆದವಳು ನಾನೇ ಆದ್ದರಿಂದ ಆ ಹಾರಾಟಕ್ಕೆ ಅರ್ಥವೇ ಇರಲಿಲ್ಲ. ಮೂವತ್ತೊಂದು ಜಗಲಿ ಮೂವತ್ತಾದವು.

ದಾರಿ ತೋರಿಸಿದ್ದು ಇಸ್ತ್ರಿ ಅಕ್ಕ. ಹದಿನೇಳನೇ ಮನೆಯಲ್ಲಿ ಬಾಡಿಗೆಗೆ ಇದ್ದವರು. ಆ ಜಗಲಿಯ ಮೇಲೆ ಟೇಬಲ್ ಹಾಕಿಕೊಂಡು, ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷದಿಂದ ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುತ್ತಿದ್ದರು. ಒಳಗಿರುವುದು ಒಂದು ಕೋಣೆ, ಒಂದು ಅಡುಗೆಮನೆ. ಆ ಮನೆ ಹಿಡಿದದ್ದೇ ಜಗಲಿಯ ಆಸೆಗೆ ಎಂದು ಅವರೇ ಹೇಳಿದ್ದರು. ಬೀದಿಯಲ್ಲೆಲ್ಲ ಅಗಲವಾದ ಜಗಲಿ ಅದು.

"ಬಣ್ಣ ಯಾಕ್ ಬಳೀತೀರ ಮೇಡಮ್ಮ? ದಿನಾ ಬೆಳಿಗ್ಗೆ ರಂಗೋಲಿ ಬುಡ್ತೀವಲ್ಲ, ಅದ್ರ ಮಗ್ಗುಲಾಗೆ ಆಯಾ ಮನೇರೇ ಅವರವ್ರ ನಂಬ್ರ ಬರ್ಕತಾರೆ. ನೀವ್ ಫೋಟ ಇಡ್ಕೊಂಡ್ ಓಗಿ."

ಹಾಗೇ ಮಾಡಿದೆವು. ಅಕ್ಕನೇ ಮನೆಮನೆಗೂ ಹೋಗಿ ಹೇಳಿದರು. ಮರುದಿನ ಆರೂವರೆಗೆ ಹೋದರೆ ಒಂದೊಂದು ಮನೆ ಮುಂದೆಯೂ ಎಳೆ ರಂಗೋಲಿ, ಪಕ್ಕದಲ್ಲಿ ಪುಡಿಯಲ್ಲೇ ಬರೆದ ನಂಬರು. ಹಾಲಿನವರು, ಶಾಲೆಗೆ ಹೋಗುವ ಮಕ್ಕಳು ತುಳಿಯುವ ಮೊದಲು ಕೆಲಸ ಮುಗಿಸಬೇಕಿತ್ತು. ಮೂರು ಬೆಳಿಗ್ಗೆಯಲ್ಲಿ ಫೋಟೋ ಎಲ್ಲ ಮುಗಿಯಿತು.

ಅಳತೆ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಬೀದಿಯ ಉದ್ದಕ್ಕೂ ಒಂದು ನೈಲಾನ್ ದಾರ ಕಟ್ಟಿ, ಅದರಿಂದ ಪ್ರತಿ ಹತ್ತು ಅಡಿಗೆ ಗೋಡೆ ಎಷ್ಟು ದೂರ, ಜಗಲಿಯ ಅಂಚು ಎಷ್ಟು ದೂರ ಎಂದು ಟೇಪು ಹಿಡಿದು ಬರೆದುಕೊಳ್ಳಬೇಕು. ದಾರ ದಿನಕ್ಕೆ ನಾಲ್ಕು ಸಲ ಹರಿಯುತ್ತಿತ್ತು. ಬೈಕಿನವರು ಹರಿದು, "ಯಾರ್ಲಾ ಇಲ್ಲಿ ದಾರ ಕಟ್ಟಿರಾದು?" ಎಂದು ನನ್ನ ಎದುರಿಗೇ ಬೈದು ಹೋಗುತ್ತಿದ್ದರು. ಸಮಿತಿಯವರು ಮೊದಲ ದಿನ ಒಂಬತ್ತು ಜನ ಬಂದರು. ಎರಡನೇ ದಿನ ನಾಲ್ಕು. ಮೂರನೇ ದಿನ ಬಳೆ ಅಂಗಡಿಯವರು ಮಾತ್ರ, ಅದೂ ಫೋಟೋ ತೆಗೆಸಿಕೊಳ್ಳುವವರೆಗೆ. ಕೊನೆಗೆ ಟೇಪಿನ ಇನ್ನೊಂದು ತುದಿ ಹಿಡಿದು ನಿಂತದ್ದು ಇಸ್ತ್ರಿ ಅಕ್ಕ ಒಬ್ಬರೇ. ಪೆಟ್ಟಿಗೆಯಲ್ಲಿ ಇದ್ದಿಲು ಕಾಯಲು ಹಿಡಿಯುವ ಹೊತ್ತಿನಲ್ಲಿ ಬಂದು, ಎರಡು ಮನೆ ಅಳತೆ ಹಿಡಿದು, ವಾಪಸ್ಸು ಹೋಗುತ್ತಿದ್ದರು.

ಮನೆಯವರದ್ದು ಇನ್ನೊಂದು ಕಥೆ. ಜಗಲಿ ಹೋದರೆ ಪರಿಹಾರ ಸಿಗುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಹಾಗಾಗಿ ಅರ್ಧ ಜನ, "ಅರ್ಧ ಅಡಿ ಜಾಸ್ತೀನೇ ಬರ್ಕಳಿ ಮೇಡಂ" ಎನ್ನುತ್ತಿದ್ದರು. ಇನ್ನರ್ಧ ಜನಕ್ಕೆ ಜಗಲಿ ರಸ್ತೆಗೆ ಬಂದಿದೆ ಎನ್ನುತ್ತಾರೇನೋ ಎಂಬ ಭಯ. ಅವರು ಟೇಪನ್ನು ಮೆಲ್ಲಗೆ ಒಳಕ್ಕೆ ಎಳೆಯುತ್ತಿದ್ದರು. ಒಬ್ಬರಂತೂ, ದೊಡ್ಡ ಸಾಹೇಬರು ನೋಡಲು ಬರುತ್ತಾರೆ ಎಂದು ಕೇಳಿ, ಜಗಲಿಯ ಹಳೇ ಚಪ್ಪಡಿ ಮೇಲೆ ಬಚ್ಚಲಿಗೆ ಹಾಕುವ ಹಸಿರು ಟೈಲ್ಸ್ ಅಂಟಿಸಿ, ಹೇಗಿದೆ ಎಂದು ಕೇಳಿದರು. ನನ್ನ ಬಾಯಲ್ಲಿ ಏನು ಬಂತೋ ಅದನ್ನು ಇಲ್ಲಿ ಬರೆಯಲಾರೆ.

ಅಂತೂ ಐದನೇ ವಾರಕ್ಕೆ ನಕ್ಷೆ ಮುಗಿಯಿತು. ಉದ್ದನೆಯ ಹಾಳೆ, ಎಡಗಡೆ ಹದಿನೈದು, ಬಲಗಡೆ ಹದಿನೈದು ಜಗಲಿ. ಬಾಗಿಲು, ಕಂಬ, ಮೆಟ್ಟಿಲು, ಗೂಡು ಎಲ್ಲ ಬರೆದಿದ್ದೆ. ಹಾಸನಕ್ಕೆ ಹೋಗಿ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಂದೆ. ಸೀಲು ಹಾಕಿ ಸಹಿ ಮಾಡಿ ಎಂಜಿನಿಯರ್‌ಗೂ ಸಮಿತಿಗೂ ಕೊಟ್ಟೆ. ಇಷ್ಟು ಚೆಂದದ ನಕ್ಷೆಯನ್ನು ನಾನು ಹಿಂದೆ ಬರೆದಿರಲಿಲ್ಲ ಎಂದು ಒಳಗೊಳಗೇ ಬೀಗಿದ್ದೂ ಉಂಟು. ಬಳೆ ಅಂಗಡಿಯವರು ಅದನ್ನು ಫ್ಲೆಕ್ಸ್ ಮಾಡಿಸಿ ಬೀದಿಯ ತುದಿಯಲ್ಲಿ ಕಟ್ಟಿದರು, ಕೆಳಗೆ ಸಮಿತಿಯವರ ಫೋಟೋ ಸಮೇತ.

ಮೂರನೇ ದಿನ ಎಂಜಿನಿಯರ್ ಫೋನ್ ಮಾಡಿ ಬರಹೇಳಿದರು. ಟೇಬಲ್ ಮೇಲೆ ಒಂದು ಅರ್ಜಿ ಇತ್ತು. ಬೀದಿಯ ತುದಿಯಲ್ಲಿ ಹಳೇ ಮನೆ ಕೆಡವಿ ಮೂರಂತಸ್ತು ಕಟ್ಟುತ್ತಿದ್ದವರು ಕೊಟ್ಟದ್ದು. ಅವರಿಗೆ ಕಾರು ಒಳಗೆ ತರಲು ಬೀದಿ ಅಗಲ ಬೇಕಿತ್ತು. ಅರ್ಜಿಯ ಜೊತೆ ಲಗತ್ತಿಸಿದ್ದು ನನ್ನದೇ ನಕ್ಷೆ.

"ಮೇಡಂ, ಈ ಕೆಂಪು ಗೀಟು ಏನು?"

ಪ್ರತಿ ನಕ್ಷೆಯಲ್ಲೂ ಆಸ್ತಿಯ ಗಡಿ ಬರೆಯುವುದು ನನಗೆ ಕೈಗಂಟಿದ ಅಭ್ಯಾಸ. ಮನೆಯವರಿಂದ ಇ-ಖಾತೆ ತರಿಸಿಕೊಂಡು, ಅದರಲ್ಲಿದ್ದ ಅಳತೆಯಂತೆ ಗಡಿ ಎಳೆದಿದ್ದೆ. ಖಾತೆಯಲ್ಲಿರುವ ಅಳತೆ ಗೋಡೆಯಿಂದ ಗೋಡೆಗೆ. ಜಗಲಿ ಅದರಲ್ಲಿ ಇಲ್ಲ. ಹಾಗಾಗಿ ಮೂವತ್ತು ಜಗಲಿಯೂ ಗೀಟಿನ ಆಚೆಗೆ, ರಸ್ತೆಯ ಜಾಗದಲ್ಲಿ ನಿಂತಿದ್ದವು. ಜಗಲಿ ಉಳಿಸಲು ಬರೆದ ನಕ್ಷೆಯಲ್ಲಿ, ಒಂದೊಂದು ಜಗಲಿಯೂ ಎಷ್ಟು ಅಡಿ ಎಷ್ಟು ಇಂಚು ಒತ್ತುವರಿ ಎಂದು ನಾನೇ ಲೆಕ್ಕ ಕೊಟ್ಟಿದ್ದೆ.

"ನಿಮ್ಮದೇ ಸೀಲು, ನಿಮ್ಮದೇ ಸಹಿ. ಇದನ್ನ ಇಟ್ಕೊಂಡು ನಾನು ಚರಂಡಿ ಹೇಗೆ ಸರಿಸಲಿ, ನೀವೇ ಹೇಳಿ" ಎಂದರು. ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರವಾದರೂ ಆಗಬಹುದಿತ್ತು.

ಆ ಸಂಜೆ ಸಮಿತಿ ಸೇರಿತು. ಅಳತೆಗೆ ಬಾರದವರೆಲ್ಲ ಬೈಯಲು ಬಂದಿದ್ದರು. ನಾನು ಆ ಮೂರಂತಸ್ತಿನವರ ಕಡೆಯವಳು, ಅವರ ಮನೆ ನಕ್ಷೆ ಬರೆದದ್ದೂ ನಾನೇ ಎಂದು ಒಬ್ಬರು ಎದ್ದು ನಿಂತು ಹೇಳಿದರು. ನಕ್ಷೆ ಬರೆದದ್ದು ನಿಜ. ಊರಲ್ಲಿ ಅರ್ಧ ಮನೆಯ ನಕ್ಷೆ ನನ್ನದೇ. ಬಳೆ ಅಂಗಡಿಯವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಆಗಿದ್ದಾಯ್ತು ಬುಡಿ. ಮೇಡಂನೋರೆ, ಆ ಗೀಟ್ನ ಒಂದ್ ನಾಕಡಿ ಮುಂದಕ್ಕೆ ಎಳ್ದು ಒಸ ನಕ್ಸೆ ಕೊಡಿ. ಅಳೇದು ತಪ್ಪಾಗಿತ್ತು ಅಂತ ಬರ್ಕೊಡಿ."

"ಆಗಲ್ಲ" ಎಂದೆ. "ಖಾತೆಯಲ್ಲಿ ಇರೋ ಅಳತೆ ನಾನು ತಿದ್ದೋಕಾಗಲ್ಲ. ಸುಳ್ಳು ನಕ್ಷೆಗೆ ಸಹಿ ಹಾಕಲ್ಲ."

"ಅಂಗಾರೆ ನಮ್ ಜಗಲಿ ಓಗ್ಲಿ ಅಂತೀರಾ?"

ಎದ್ದು ಬಂದೆ. ಇಸ್ತ್ರಿ ಅಕ್ಕ ಬೀದಿಯ ತಿರುವಿನವರೆಗೂ ಜೊತೆಗೆ ಬಂದರು. ಬಹಳ ಮೆಲ್ಲಗೆ, "ಒಂದ್ ಗೀಟು ಅಳ್ಸಾಕೆ ಅಷ್ಟ್ ಕಷ್ಟ ಆಯ್ತದಾ ಮೇಡಮ್ಮ? ನಂಗೆ ತಿಳೀದು, ಅದ್ಕೆ ಕೇಳ್ದೆ" ಎಂದರು. ಸಭೆಯಲ್ಲಿ ಬಿದ್ದ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು. ಅವತ್ತು ಮನೆಗೆ ಹೋಗಿ ಸುಮ್ಮನೆ ಪಾತ್ರೆ ಬಡಿದೆ. ಮನೆಯವರೆಲ್ಲ ದೂರ ಕೂತಿದ್ದರು.

ಎರಡು ದಿನ ಆ ಕಡತ ಮುಟ್ಟಲಿಲ್ಲ. ಮೂರನೇ ದಿನ ಬೇರೆ ದಾರಿ ಏನಾದರೂ ಇದೆಯೇ ಎಂದು ಹುಡುಕುವುದಕ್ಕೆ ಕೈಬರಹದ ಹಾಳೆಗಳನ್ನು ಮತ್ತೆ ಹರಡಿಕೊಂಡು ಕೂತೆ. ಅವುಗಳಲ್ಲಿ ಒಂಬತ್ತು ಕಡೆ ಒಂದೇ ಮಾತು ಬರೆದುಕೊಂಡಿದ್ದೆ: 'ನೆಲದಲ್ಲಿ ತೂತಿನ ಕಲ್ಲು. ಯಾಕೆಂದು ಗೊತ್ತಿಲ್ಲ.' ಜಗಲಿಯ ಮುಂದೆ, ನೆಲಕ್ಕೆ ಸಮನಾಗಿ ಹೂತ ಒಂದು ಚೌಕ ಕಲ್ಲು. ನಡುವೆ ಒಂದು ಗೇಣು ಆಳದ ದುಂಡು ಕುಳಿ. ದನ ಕಟ್ಟುವ ಕಲ್ಲು ಎಂದು ಒಬ್ಬರು ಹೇಳಿದ್ದರು, ಬಾವುಟದ ಕಂಬಕ್ಕೆ ಎಂದು ಇನ್ನೊಬ್ಬರು. ಕಸ ತುಂಬಿದ ಕುಳಿ ಎಂದು ನಾನು ನಕ್ಷೆಗೆ ಅದನ್ನು ಸೇರಿಸಿರಲಿಲ್ಲ. ಈಗ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಗೋಡೆಗಳು ಅಂಕುಡೊಂಕು, ಜಗಲಿಗಳು ಒಂದು ಮುಂದೆ ಒಂದು ಹಿಂದೆ, ಆದರೆ ಆ ಕುಳಿಗಳೆಲ್ಲ ದಾರದಿಂದ ಒಂದೇ ದೂರದಲ್ಲಿದ್ದವು. ಒಂಬತ್ತಕ್ಕೆ ಒಂಬತ್ತೂ.

ಬಳೆ ಅಂಗಡಿಯವರ ತಾಯಿಗೆ ಅದು ನೆನಪಿತ್ತು. ಮದುವೆಗೆ ಚಪ್ಪರ ಹಾಕುವವರು ಅಲ್ಲಿ ಕಂಬ ನೆಡುತ್ತಿದ್ದರು ಎಂದರು. ಈ ಬೀದಿಗೆ ಚಪ್ಪರ ಹಾಕುತ್ತಿದ್ದ ಮನೆಯವರು ಈಗ ಅರಕಲಗೂಡಿನಲ್ಲಿ ಶಾಮಿಯಾನ ಅಂಗಡಿ ಇಟ್ಟಿದ್ದಾರೆ ಎಂದೂ ಹೇಳಿದರು. ಬಸ್ಸು ಹತ್ತಿ ಹೋದೆ. ಅಂಗಡಿಯ ಹಿರಿಯರು ಕುರ್ಚಿ ಎಣಿಸುತ್ತಾ ಕೂತಿದ್ದರು. ಬೀದಿಯ ಹೆಸರು ಹೇಳಿದ ಕೂಡಲೇ ಎಣಿಕೆ ಬಿಟ್ಟರು.

"ಚಪ್ಪರದ ಕಲ್ಲು ಅದು. ಬೀದಿಗೆ ಬೀದೀನೇ ಚಪ್ಪರ ಆಕ್ತಿದ್ದೊ ನಾವು. ಈ ಮನೆ ಕಲ್ಲಿಗೊಂದು ಕಂಬ, ಎದುರು ಮನೆ ಕಲ್ಲಿಗೊಂದು ಕಂಬ, ಮ್ಯಾಲೆ ತೊಲೆ. ಮದ್ವೇನೂ ಅದ್ರಡೀಲೆ, ಸಾವೂ ಅದ್ರಡೀಲೆ. ಎಲ್ಡ್ ಮನೇಗೆ ಒಂದಂತೆ ಕಲ್ಲು."

"ಕಲ್ಲು ಕಂಡ ಕಡೆಯೆಲ್ಲ ಜಗಲಿ ಕಲ್ಲಿನಿಂದ ಒಳಗೇ ಇವೆಯಲ್ಲ?" ಎಂದೆ.

"ಮತ್ತಿನ್ನೇನು? ಆ ಕಲ್ಲ್ ದಾಟಿ ಜಗಲಿ ತರಾ ಅಂಗಿರ್ಲಿಲ್ಲ ಕಣವ್ವ. ತಂದ್ರೆ ನಾವು ಕಂಬ ಎಲ್ಲಿ ಊಣಾದು? ತಂದೋರ್ ಮನೇಗೆ ಚಪ್ಪರಾನೇ ಆಕ್ತಿರ್ಲಿಲ್ಲ."

ಅವರು ಮಾತಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಬರುವಾಗ ಬಸ್ಸಿನಲ್ಲಿ ಕೂತು, ಇಷ್ಟು ದಿನ ತುಳಿದುಕೊಂಡೇ ಓಡಾಡಿದ್ದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಖಾತೆ ಬರುವ ಎಷ್ಟೋ ಮೊದಲೇ ಆ ಬೀದಿ ತನ್ನ ಗಡಿಯನ್ನು ತಾನೇ ಹಾಕಿಕೊಂಡಿತ್ತು, ಅದೂ ಕಲ್ಲಿನಲ್ಲಿ. ಎಂಜಿನಿಯರ್‌ಗೆ ಆ ಸಂಜೆಯೇ ಹೇಳಿದೆ. ಅವರು, ಬಾಕ್ಸ್ ಚರಂಡಿಯನ್ನು ಪ್ರತಿ ಜಗಲಿಗೂ ಬಗ್ಗಿಸಲು ಆಗದು, ಆದರೆ ಒಂದು ನೇರ ಗೆರೆ ಸಿಕ್ಕರೆ, ಯಾವ ಜಗಲಿಯೂ ಅದನ್ನು ದಾಟದಿದ್ದರೆ, ಜಗಲಿ ಇರುವ ಮನೆಯವರೆಲ್ಲ ಒಪ್ಪಿ ಸಹಿ ಹಾಕಿದರೆ, ಚರಂಡಿಯನ್ನು ಆ ಗೆರೆಯ ಆಚೆಗೆ ಸರಿಸಲು ಮೇಲಿನವರಿಗೆ ಬರೆಯುತ್ತೇನೆ ಎಂದರು. ಹತ್ತು ದಿನ ಕೊಟ್ಟರು.

ಮತ್ತೆ ದಾರ ಕಟ್ಟಿದೆವು, ಈ ಸಲ ಕುಳಿಯಿಂದ ಕುಳಿಗೆ. ಎರಡು ಮನೆಗೊಂದು ಕಲ್ಲು ಎಂಬ ಲೆಕ್ಕದಲ್ಲಿ ಎಲ್ಲಿರಬೇಕೆಂದು ಗುರುತು ಹಾಕಿ, ಅಲ್ಲಲ್ಲಿ ಹಾರೆಯಿಂದ ಕುಟ್ಟಿ ಸದ್ದು ಕೇಳಿದೆವು. ಡಾಂಬರಿನ ಕೆಳಗೆ ಕಲ್ಲಿದ್ದರೆ ಸದ್ದು ಗಟ್ಟಿ, ಮಣ್ಣಿದ್ದರೆ ಮೆತ್ತಗೆ. ಆಶ್ಚರ್ಯವೆಂದರೆ ಈಗ ಬೀದಿಯವರೆಲ್ಲ ಬಂದರು. ಹೆಂಗಸರು ಸೌಟು, ತೆಂಗಿನ ಚಿಪ್ಪು ತಂದು ಕುಳಿಯ ಮಣ್ಣು ತೆಗೆದರು. ಬೆಲ್ಲದ ಮಂಡಿಯವರು ಬಿಚ್ಚಿಟ್ಟ ಚಪ್ಪಡಿಯನ್ನು ಮತ್ತೆ ಕೂರಿಸುತ್ತೇನೆ ಎಂದು ಒಪ್ಪಿಕೊಂಡರು. ನಾಲ್ಕು ದಿನದಲ್ಲಿ ಹದಿನೆಂಟು ಕಲ್ಲು ಸಿಕ್ಕವು. ಲೆಕ್ಕಕ್ಕೆ ಇನ್ನೊಂದು ಬೇಕಿತ್ತು. ಅದು ಇರಬೇಕಾದ ಜಾಗ ದಾರದ ಮೇಲೇ ಇತ್ತು, ಇಸ್ತ್ರಿ ಅಕ್ಕನ ಜಗಲಿಯ ಅಡಿಯಲ್ಲಿ.

ನನ್ನ ಹಾಳೆ ತೆಗೆದು ನೋಡಿದೆ. ಹದಿನೇಳನೇ ಜಗಲಿಯ ಅಗಲ ನಾಲ್ಕಡಿ ಒಂಬತ್ತಿಂಚು. ಗೋಡೆಯಿಂದ ದಾರಕ್ಕೆ ಮೂರೂವರೆ ಅಡಿ. 'ಎರಡು ಬಗೆಯ ಕಲ್ಲು' ಎಂದು ನಾನೇ ಬರೆದುಕೊಂಡಿದ್ದೆ. ಒಳಗಿನ ಮೂರೂವರೆ ಅಡಿ ಹಳೇ ಚಪ್ಪಡಿ, ಮುಂದಿನ ಒಂದೂಕಾಲು ಅಡಿ ಆಮೇಲೆ ಸೇರಿಸಿದ್ದು. ಹಾಸನದಲ್ಲಿರುವ ಮನೆ ಮಾಲೀಕರಿಗೆ ಫೋನ್ ಮಾಡಿದರೆ, ಮೂಟೆ ಇಳಿಸಲು ತಮ್ಮ ತಂದೆ ಅಗಲ ಮಾಡಿಸಿದ್ದು ಎಂದರು. ಒಡೆಯಲು ಅಭ್ಯಂತರವಿಲ್ಲ, ಸಹಿ ಹಾಕಿ ಕಳಿಸುತ್ತೇನೆ ಎಂದು ಒಂದೇ ಉಸಿರಿಗೆ ಒಪ್ಪಿದರು.

ಬಳೆ ಅಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದರು. "ಅಲ್ಲಿ ಗೆರೆನ ಒಸಿ ಮುಂದಕ್ಕೆ ಬಗ್ಗುಸ್ಬುಡಿ. ಆವಮ್ಮ ಪಾಪ, ನಿಮ್ ಜೊತೇಲೆ ನಿಂತಿದ್ಲು. ಒಂದ್ ಕಲ್ಲು ಕಾಣೆ ಅಂತ ಬರ್ಕಂಡ್ರಾಯ್ತು."

ಎಷ್ಟು ಆಸೆಯಾಯಿತು ಎಂದರೆ, ಆಫೀಸಿಗೆ ಹೋಗಿ ಹಾಗೇ ಬಗ್ಗಿಸಿ ಬರೆದೂ ನೋಡಿದೆ. ಹಾಳೆಯ ಮೇಲೆ ಅದು ಏನೂ ಅಲ್ಲ, ಒಂದು ಅಕ್ಕಿಕಾಳಿನಷ್ಟು. ಆದರೆ ಮೂರಂತಸ್ತಿನವರು ದಾರ ಹಿಡಿದು ನೋಡುವುದು ಖಂಡಿತ. ಒಂದು ಕಡೆ ಸುಳ್ಳು ಸಿಕ್ಕಿದರೆ ಹದಿನೆಂಟು ಕಲ್ಲಿನ ಮಾತಿಗೂ ಬೆಲೆ ಇರುವುದಿಲ್ಲ. ಆಗ ಚರಂಡಿ ಗೋಡೆಗೇ ಬರುತ್ತದೆ, ಅಕ್ಕನ ಜಗಲಿ ಪೂರಾ ಹೋಗುತ್ತದೆ, ಜೊತೆಗೆ ಉಳಿದವೂ. ಹಾಳೆ ಹರಿದು, ನೇರ ಗೆರೆ ಎಳೆದೆ. ಹಳೇ ಕೆಂಪು ಗೀಟನ್ನೂ ಅಳಿಸಲಿಲ್ಲ. ಎರಡೂ ಇರಲಿ ಎಂದು ಬಿಟ್ಟೆ. ಸಹಿ ಹಾಕುವ ಮೊದಲು ಅಕ್ಕನಿಗೆ ಹೇಳಬೇಕಿತ್ತು.

ಟೇಬಲ್ ಮೇಲೆ ಯಾರದೋ ಬಿಳಿ ಪಂಚೆ ಹರಡಿತ್ತು. ನಾನು ಹೇಳುವಷ್ಟು ಹೊತ್ತೂ ಅವರು ಪೆಟ್ಟಿಗೆ ಎತ್ತಿ ನಿಲ್ಲಿಸಿದ್ದರು.

"ಎಷ್ಟ್ ಓಯ್ತದೆ?"

"ಒಂದೂಕಾಲು ಅಡಿ ಅಕ್ಕ."

ಗೋಡೆಯಿಂದ ಟೇಬಲ್ಲಿಗೆ ಕಣ್ಣಲ್ಲೇ ಅಳೆದರು. ಟೇಬಲ್ ಎರಡೂವರೆ ಅಡಿ. ಅವರು ನಿಲ್ಲುತ್ತಿದ್ದದ್ದು ಟೇಬಲ್ಲಿಗೂ ಗೋಡೆಗೂ ನಡುವೆ. ಉಳಿಯುವುದು ಒಂದಡಿ.

"ಬೇರೇರ್ದು ಯಾರ್ದೂ ಓಗಾಕಿಲ್ವಾ?"

"ಇಲ್ಲ. ನಿಮ್ಮದೊಂದೇ."

"ಅಳತೆ ಇಡ್ದೋಳೇ ನಾನು. ಈಗ ಇಲ್ಲ ಅಂದ್ರೆ ನಗಾಕಿಲ್ವಾ ಜನ? ಆಕಿ ಸೈನು" ಎಂದು ಪಂಚೆಯ ಮೇಲೆ ಪೆಟ್ಟಿಗೆ ಒತ್ತಿದರು. ಅವರು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇದನ್ನು ಸಹಿಸಲು ಆಗಲಿಲ್ಲ. ಅಲ್ಲಿಂದ ನೇರ ಎಂಜಿನಿಯರ್ ಹತ್ತಿರ ಹೋಗಿ, ಚರಂಡಿ ಮೇಲಿನ ಚಪ್ಪಡಿಯಲ್ಲಾದರೂ ಅವರಿಗೆ ಟೇಬಲ್ಲಿಗೆ ಜಾಗ ಕೊಡಿ ಎಂದು ಕಾಡಿದೆ. ಅದು ಜನ ನಡೆಯುವ ಜಾಗ, ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂದರು. ಸಮಿತಿಯವರನ್ನು ಕೇಳಿದೆ, ಇಷ್ಟು ಜಗಲಿ ಉಳಿದಿವೆಯಲ್ಲ, ಯಾರಾದರೂ ಒಂದು ಮೂಲೆ ಬಿಟ್ಟುಕೊಡಿ ಎಂದು. ಒಬ್ಬರಿಗೆ ಇದ್ದಿಲ ಹೊಗೆ ಆಗದು. ಒಬ್ಬರ ಮನೆಯಲ್ಲಿ ಬಾಣಂತಿ. ಟೈಲ್ಸಿನವರಿಗೆ ಟೈಲ್ಸ್ ಸುಡುತ್ತದೆ ಎಂಬ ಚಿಂತೆ. ಬಳೆ ಅಂಗಡಿಯವರು, "ನೋಡಾಣ, ಸಭೇಲಿ ಇಡಾಣ" ಎಂದರು. ಆ ಸಭೆ ಸೇರಲೇ ಇಲ್ಲ.

ಮೇಲಿನಿಂದ ಒಪ್ಪಿಗೆ ಬಂತು. ಚನ್ನರಾಯಪಟ್ಟಣದ ಗುತ್ತಿಗೆದಾರರು, ಸಾವಧಾನದ ಮನುಷ್ಯ. ಅಕ್ಕನ ಜಗಲಿಯನ್ನು ಜೇಸೀಬಿ ತಾಗಿಸದೆ ಉಳಿಯಲ್ಲೇ ಬಿಡಿಸಿಕೊಟ್ಟರು. ಮುಂದಿನ ಸಾಲಿನ ಕಲ್ಲು ಎತ್ತಿದಾಗ ಅಡಿಯಲ್ಲಿ ಹತ್ತೊಂಬತ್ತನೇ ಕಲ್ಲು ಕಂಡಿತು. ಉಳಿದವೆಲ್ಲ ಸವೆದು ಮುಕ್ಕಾಗಿದ್ದರೆ ಇದರ ಅಂಚು ನಿನ್ನೆ ಕಡೆದಂತೆ ಇತ್ತು. ಕುಳಿಯ ಸುತ್ತ ಸಣ್ಣ ಹೂವಿನ ಬಳ್ಳಿ ಬೇರೆ. ಬೀದಿಯೆಲ್ಲ ಸೇರಿತು. ಬಳೆ ಅಂಗಡಿಯವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಅಕ್ಕ ಒಳಗೆ ಬಟ್ಟೆ ಗಂಟು ಕಟ್ಟುತ್ತಿದ್ದರು.

ಒಂದು ತಿಂಗಳು ಆ ಒಂದಡಿಯಲ್ಲೇ ನಿಂತು ನೋಡಿದರು. ಕೈ ಹಿಂದಕ್ಕೆ ಎಳೆದರೆ ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಯಾರದೋ ರೇಷ್ಮೆ ಸೀರೆ ಸುಟ್ಟಿತು. ಆಮೇಲೆ ಮನೆ ಬಿಟ್ಟು, ಹಾಸನ ರಸ್ತೆಯ ಹೊಸ ಬಡಾವಣೆಯಲ್ಲಿ ಒಂದು ಮನೆಯ ಮೆಟ್ಟಿಲ ಕೆಳಗೆ ಟೇಬಲ್ ಹಾಕಿಕೊಂಡರು.

ಮನೆಗೊಂದು ಪುಟದಂತೆ ದಾಖಲೆಯ ಪುಸ್ತಕ ಮಾಡಿ, ಬೀದಿಯವರಿಗೆಲ್ಲ ಒಂದೊಂದು ಪ್ರತಿ ಕೊಟ್ಟೆವು. ಅಕ್ಕನ ಪ್ರತಿಯನ್ನು ನಾನೇ ತೆಗೆದುಕೊಂಡು ಹೋದೆ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಪುಟ ತಿರುಗಿಸಿ, ಹದಿನೇಳಕ್ಕೆ ಬಂದು ನಿಂತರು. ಪುಟದ ತುಂಬ ಜಗಲಿಯ ಫೋಟೋ. ಒಡೆಯುವ ಮೊದಲಿನದು. ಅಗಲವಾದ ಖಾಲಿ ಕಲ್ಲು, ಬಾಗಿಲು, ಗೋಡೆ. ಕೆಳಗೆ ಮಾಲೀಕರ ಹೆಸರು, ಉದ್ದ, ಅಗಲ, 'ಮುಂಭಾಗ ನಂತರದ ಸೇರ್ಪಡೆ' ಎಂಬ ನನ್ನ ಟಿಪ್ಪಣಿ. ಇಸ್ತ್ರಿಯ ಮಾತು ಎಲ್ಲೂ ಇರಲಿಲ್ಲ. ಫೋಟೋ ತೆಗೆಯುವಾಗ, ಕಲ್ಲು ಪೂರ್ತಿ ಕಾಣಬೇಕು, ಟೇಬಲ್ ತೆಗೆದುಬಿಡಿ ಎಂದು ಹೇಳಿದವಳು ನಾನೇ.

"ಕಲ್ಲು ಚೆಂದಾಗ್ ಬಂದೈತೆ" ಎಂದರು. ಪುಟವನ್ನು ಸ್ವಲ್ಪ ದೂರ ಹಿಡಿದು ನೋಡಿದರು. "ಇದು ನಾನಿದ್ದಾಗಿಂದಾ ಮೇಡಮ್ಮ, ನಾ ಬುಟ್ಬಂದ್ ಮೇಲಿಂದಾ?"

"ನೀವಿದ್ದಾಗಿನದೇ ಅಕ್ಕ" ಎಂದೆ.

ಹೂಂ ಎಂದು ಪುಸ್ತಕ ಮುಚ್ಚಿ, ಮಡಿಸಿದ ಬಟ್ಟೆಗಳ ಮೇಲೆ ಇಟ್ಟರು. ಒಂದು ಶರ್ಟು ಹರಡಿ, ನೀರು ಚಿಮುಕಿಸಿ, ಪೆಟ್ಟಿಗೆ ಎತ್ತಿಕೊಂಡರು.

"ಒಸಿ ಅತ್ಲಾಗ್ ಸರ್ಕೊಳ್ಳಿ ಮೇಡಮ್ಮ. ಜಾಗ ಸಾಲ್ದು."

ನಾನು ಮೆಟ್ಟಿಲ ಆಚೆಗೆ ಸರಿದು, ಬಿಸಿಲಿಗೆ ಹೋಗಿ ನಿಂತೆ.